ಮನೆಯ ನಾಯಿಗೆ ಪಾಠ

ನಾಯಿಯ ವಿಷಯದಲ್ಲಿ ನಮ್ಮ ಗಾದೆಗಳು ಒಳ್ಳೆಯ ಮಾತನ್ನಾಡಿರುವುದು ಅಪರೂಪ. ಅದರ ಬಾಲ ಡೊಂಕೆಂದು ಹಳಿದುವು. ಅದಕ್ಕೆ ಕೆಲಸವೂ ಇಲ್ಲ, ಕೂರುವುದಕ್ಕೆ ಪುರುಸೊತ್ತೂ ಇಲ್ಲ ಎಂದು ಹಾಸ್ಯಮಾಡಿದುವು. ಸಿಂಹಾಸನದ ಮೇಲೆ ಕುಳ್ಳಿರಿಸಿದರೂ ತನ್ನ ಚಾಳಿಯನ್ನು ಬಿಡದೆಂದು ತೀರ್ಪು ಕೊಟ್ಟುವು. ಈ ಗಾದೆಗಳನ್ನು ಕಟ್ಟಿದ ಹಿರಿಯರು ಅನುಭವಸ್ಥರೇ. ಆದರೆ ಅವರು ನಾಯಿಯ ಬಾಲದ ಕಡೆ ಕೊಟ್ಟ ಲಕ್ಷ್ಯವನ್ನು ಅದರ ತಲೆಯ ಕಡೆ ಕೊಡಲಿಲ್ಲವೆಂದು ತೋರುತ್ತದೆ. ಸ್ವಲ್ಪ ತಾಳ್ಮೆ, ಒಂದು ಹಿಡಿ ತಿಂಡಿ, ದಿನಕ್ಕೆ ಹತ್ತು ನಿಮಿಷದ ಬಿಡುವು ಇಷ್ಟಿದ್ದರೆ ಮನೆಯ ನಾಯಿಗೆ ಎಷ್ಟೋ ವಿದ್ಯೆಗಳನ್ನು ಕಲಿಸಬಹುದು. ಅದು ಹೇಗೆಂಬುದನ್ನು ನನ್ನ ಅಲ್ಪ ಅನುಭವಕ್ಕೆ ನಿಲುಕಿದಷ್ಟು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

‘ನಾಯಿಯೇನು ಸರ್ಕಸ್ಸಿಗೆ ಹೋಗಬೇಕೆ? ಅದಕ್ಕೇಕೆ ವಿದ್ಯೆ?’ ಎಂದು ಕೇಳುವವರುಂಟು. ನ್ಯಾಯವಾದ ಪ್ರಶ್ನೆಯೇ. ಆದರೆ ನಾಯಿ ನಮ್ಮ ಮನೆಯಲ್ಲಿದ್ದಮೇಲೆ ನಾವು ಕಲಿಸಲಿ, ಬಿಡಲಿ, ಅದು ಕಲಿಯುತ್ತಲೇ ಇರುತ್ತದೆ. ಅಡಿಗೆಮನೆಯ ಬಾಗಿಲು ಯಾವಾಗ ತೆರೆಯುತ್ತದೆ, ಯಾರ ತಟ್ಟೆಯಿಂದ ತುತ್ತು ಜಾರುತ್ತದೆ, ಯಾರು ಬೈದರೂ ಹೊಡೆಯುವುದಿಲ್ಲ, ಇವೆಲ್ಲ ಅದಕ್ಕೆ ಪಾಠವಾಗಿರುತ್ತವೆ. ನಾವು ಅರಿಯದೆ ಕಲಿಸಿದ ಪಾಠಗಳಲ್ಲಿ ಕೆಲವು ನಗೆಪಾಟಲು, ಕೆಲವು ಪ್ರಾಣಾಪಾಯದವು. ಎರಡನೆಯ ಬಗೆಯ ಪಾಠವೊಂದನ್ನು ಕಲಿಸಿದ ಗುರು ನಾನೇ ಆದ್ದರಿಂದ, ಮೊದಲು ಆ ಕಥೆಯನ್ನು ಹೇಳಿಬಿಡುತ್ತೇನೆ.

ನನಗೆ ಆಗ ಹತ್ತು ವರ್ಷವಿದ್ದಿರಬೇಕು. ನಮ್ಮ ಮನೆಯಲ್ಲಿ ರಾಜ ಎಂಬ ನಾಯಿ ಇತ್ತು. ಮೈ ಕಂದು, ಎದೆಯ ಮೇಲೊಂದು ಬಿಳಿಯ ಮಚ್ಚೆ. ಮರಿಯಾಗಿದ್ದಾಗ ಎಲ್ಲ ಮರಿಗಳಂತೆ ಅದೂ ಕಂಡದ್ದನ್ನೆಲ್ಲ ಕಚ್ಚುತ್ತಿತ್ತು. ತಂದೆಯವರ ಚಪ್ಪಲಿ ಹರಿದರೆ ಅದಕ್ಕೆ ಶಿಕ್ಷೆ ಕೊಡುವ ಅಧಿಕಾರವನ್ನು ನಾನು ವಹಿಸಿಕೊಂಡಿದ್ದೆ. ಹರಿದ ಚಪ್ಪಲಿಯನ್ನು ಒಂದು ಕೈಯಲ್ಲಿ, ಕೋಲನ್ನು ಬೆನ್ನಹಿಂದೆ ಇನ್ನೊಂದು ಕೈಯಲ್ಲಿ ಹಿಡಿದು, ‘ರಾಜಾ, ಬಾ’ ಎನ್ನುತ್ತಿದ್ದೆ. ಅದು ಬಾಲವಾಡಿಸುತ್ತ ಓಡಿಬರುತ್ತಿತ್ತು. ಬಂದ ಕೂಡಲೆ ಎರಡು ಪೆಟ್ಟು. ಚಪ್ಪಲಿಯನ್ನು ಕಚ್ಚಿದ್ದು ತಪ್ಪೆಂದು ಅದಕ್ಕೆ ತಿಳಿಯಿತೆಂದು ನಾನು ಭಾವಿಸಿದ್ದೆ. ಅದು ತಿಳಿದುಕೊಂಡದ್ದು ಬೇರೆ. ಚಪ್ಪಲಿಯ ಸಂಗತಿ ಅದಕ್ಕೆ ಮರೆತು ಎಷ್ಟೋ ಹೊತ್ತಾಗಿರುತ್ತಿತ್ತು. ‘ಬಾ’ ಎಂದಾಗ ಹತ್ತಿರ ಹೋದರೆ ನೋವಾಗುತ್ತದೆಂಬುದಷ್ಟೇ ಅದರ ಮನಸ್ಸಿನಲ್ಲಿ ನಿಂತಿತು. ಕೆಲವು ತಿಂಗಳಲ್ಲಿ, ಕರೆದರೆ ಎರಡು ಮಾರು ದೂರದವರೆಗೆ ಬಂದು, ಅಲ್ಲಿಯೇ ನಿಂತು, ತಲೆ ತಗ್ಗಿಸಿ ನನ್ನ ಕೈಗಳನ್ನು ನೋಡುವ ಅಭ್ಯಾಸ ಅದಕ್ಕಾಯಿತು. ನಾವೆಲ್ಲ ಅದನ್ನು ಕಳ್ಳನೆಂದು ಕರೆದು ನಕ್ಕೆವು.

ಒಂದು ದಿನ ಸಂಜೆ ಯಾರೋ ಗೇಟನ್ನು ತೆರೆದಿಟ್ಟಿದ್ದರು. ರಾಜ ರಸ್ತೆಯ ಆ ಬದಿಗೆ ಹೋಗಿತ್ತು. ಲಾರಿಯೊಂದು ಬರುತ್ತಿದ್ದುದನ್ನು ನೋಡಿ ನಾನು ಗಾಬರಿಯಿಂದ ‘ರಾಜಾ, ಬಾ’ ಎಂದು ಕೂಗಿದೆ. ಅದು ಕೇಳಿತು; ನನ್ನ ಕಡೆಗೆ ಓಡಿಬಂದಿತು. ರಸ್ತೆಯನ್ನು ದಾಟಿಬಿಡುವಷ್ಟು ವೇಳೆ ಅದಕ್ಕಿತ್ತು. ಆದರೆ ನನ್ನಿಂದ ಎರಡು ಮಾರು ದೂರಕ್ಕೆ ಬಂದೊಡನೆ, ನಾನು ಕಲಿಸಿದ್ದಂತೆಯೇ, ತಲೆ ತಗ್ಗಿಸಿ ನಿಂತುಕೊಂಡಿತು. ಆ ಎರಡು ಮಾರು ರಸ್ತೆಯೊಳಗಿತ್ತು. ಮುಂದಿನದನ್ನು ಹೇಳಬೇಕಾಗಿಲ್ಲ. ಲಾರಿಯವನ ತಪ್ಪೆಂದು ಮನೆಯವರು ನನ್ನನ್ನು ಸಮಾಧಾನಪಡಿಸಿದರು. ತಪ್ಪು ಯಾರದೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಮೇಲೆ, ನಾಯಿಗಳ ಕಲಿಕೆಯ ವಿಚಾರವನ್ನು ಓದತೊಡಗಿದಾಗ.

ನಮ್ಮ ನಾಡು ನಾಯಿಯನ್ನು ಬರಿಯ ಗಾದೆಗೆ ಗುರಿಮಾಡಿ ಬಿಟ್ಟಿತೆಂದು ಹೇಳಿದರೆ ಅನ್ಯಾಯವಾಗುತ್ತದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ವಸ್ತುಸಂಗ್ರಹಾಲಯಕ್ಕೆ ಸೇರಿದ, ಕ್ರಿ.ಶ. 950ರ ಸುಮಾರಿನ ಶಿಲಾಶಾಸನವನ್ನು ತಮ್ಮಲ್ಲಿ ಹಲವರು ಬಲ್ಲಿರಿ. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷ ಗೆದ್ದ ತರುವಾಯ, ಗಂಗರ ಬೂತುಗನು ತನ್ನ ವೀರನಾದ ಮಣಲೇರನನ್ನು ಮೆಚ್ಚಿ ವರವನ್ನು ಬೇಡೆಂದನು. ಮಣಲೇರನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಮುಂದೆ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗಾಗಿ ಚೆಲ್ಲೇಶ್ವರನ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ವೀರನಿಗೆ ಸಲ್ಲುವ ಕಲ್ಲನ್ನು ನಾಯಿಗೆ ಸಲ್ಲಿಸಿದ ಜನ ನಮ್ಮವರು. ಅಂಥ ನಾಯಿ ಹುಟ್ಟುತ್ತಲೇ ಹಾಗಿರಲಿಲ್ಲ; ಯಾರೋ ಒಬ್ಬರು ಅದರೊಡನೆ ಬಹುಕಾಲ ಕಳೆದು ಅದನ್ನು ಪಳಗಿಸಿರಬೇಕು. ಅವರ ಹೆಸರು ಕಲ್ಲಿನ ಮೇಲಿಲ್ಲ.

ಇನ್ನು ಶಾಸ್ತ್ರದ ಮಾತಿಗೆ ಬರೋಣ. ರಷ್ಯಾ ದೇಶದ ಪಾವ್ಲೋವ್ ಎಂಬ ಮಹಾಶಯರು ಜೀರ್ಣಕ್ರಿಯೆಯನ್ನು ಕುರಿತು ಸಂಶೋಧನೆ ನಡೆಸಿ 1904ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದವರು. ಅವರ ಪ್ರಯೋಗಶಾಲೆಯ ನಾಯಿಗಳು ಆಹಾರ ಬಾಯಿಗೆ ಬೀಳುವುದಕ್ಕೆ ಮುಂಚೆಯೇ, ಆಹಾರ ತರುವವನ ಸುಳಿವು ಕಂಡೊಡನೆ, ಜೊಲ್ಲು ಸುರಿಸುತ್ತಿದ್ದುದನ್ನು ಅವರು ಗಮನಿಸಿದರು. ಯಾವುದೊಂದು ಗುರುತು ಆಹಾರಕ್ಕೆ ಮೊದಲು ತಪ್ಪದೆ ಬರುತ್ತದೆಯೋ, ಆ ಗುರುತಿಗೇ ಆಹಾರದ ಬೆಲೆ ಬರುತ್ತದೆ. ಇದು ಅವರು ಕಂಡುಕೊಂಡ ಸಂಗತಿ. ಪೆಟ್ಟಿಗೆ ಮೊದಲು ತಪ್ಪದೆ ಬರುವ ಗುರುತಿಗೆ ಪೆಟ್ಟಿನ ಬೆಲೆಯೇ ಬರುವುದಷ್ಟೆ. ನನ್ನ ‘ಬಾ’ ಎಂಬ ಮಾತಿಗೆ ಆದ ಗತಿಯೂ ಇದೇ.

ಅಮೆರಿಕದ ಥಾರ್ನ್‌ಡೈಕ್ ಎಂಬವರು ಬೆಕ್ಕು ನಾಯಿಗಳನ್ನು ಅಗುಳಿ ಹಾಕಿದ ಪೆಟ್ಟಿಗೆಗಳಲ್ಲಿಟ್ಟು, ಅವು ಹೊರಬರುವ ಬಗೆಯನ್ನು ಪರೀಕ್ಷಿಸಿ, 1898ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಪ್ರಾಣಿ ಮೊದಲು ಏನೇನನ್ನೋ ಮಾಡುತ್ತದೆ. ಆಕಸ್ಮಿಕವಾಗಿ ಅಗುಳಿ ತೆರೆಯುತ್ತದೆ. ಮರುಸಲ ಸ್ವಲ್ಪ ಬೇಗ, ಅದರ ಮರುಸಲ ಇನ್ನೂ ಬೇಗ. ಯಾವ ಕೆಲಸದ ಬೆನ್ನಿಗೇ ಸುಖ ಬರುತ್ತದೆಯೋ ಆ ಕೆಲಸ ಮತ್ತೆಮತ್ತೆ ನಡೆಯುತ್ತದೆ. ಈ ಎರಡು ತತ್ತ್ವಗಳನ್ನು ಕೂಡಿಸಿ ಮನೆಮಂದಿಗೆ ತಿಳಿಯುವಂತೆ ಬರೆದವರು ಸ್ಕಿನ್ನರ್. ಪ್ರಾಣಿಗಳಿಗೆ ಕಲಿಸುವುದನ್ನು ಕುರಿತ ಅವರ ಲೇಖನ ಹೊರಬಂದದ್ದು 1951ರಲ್ಲಿ. ಒಂದು ಸಣ್ಣ ಸದ್ದಿನ ಬೆನ್ನಿಗೆ ತಿಂಡಿ ಕೊಡುತ್ತ ಬಂದರೆ, ಆ ಸದ್ದೇ ನಾಯಿಗೆ ‘ಸರಿಯಾಯಿತು’ ಎಂಬ ಮಾತಾಗುತ್ತದೆಂದು ಅವರು ತೋರಿಸಿಕೊಟ್ಟರು. ಈಗ ಲೋಕದ ನಾನಾ ಕಡೆ ನಡೆಯುವ ನಾಯಿಶಿಕ್ಷಣಕ್ಕೆ ಬುನಾದಿ ಇದೇ.

ಇನ್ನೊಂದು ಸಂಗತಿಯನ್ನು ಸಹ ತಿಳಿದಿರಬೇಕು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬರ್ಲಿನ್ ನಗರದಲ್ಲಿ ಹಾನ್ಸ್ ಎಂಬ ಕುದುರೆಯೊಂದು ಲೆಕ್ಕ ಮಾಡುತ್ತದೆಂದು ಪ್ರಸಿದ್ಧವಾಗಿತ್ತು. ಮೂರೂ ನಾಲ್ಕೂ ಸೇರಿ ಎಷ್ಟೆಂದರೆ ಏಳು ಸಲ ಗೊರಸು ಕುಟ್ಟುತ್ತಿತ್ತು. ಫುಂಗ್ಸ್ಟ್ ಎಂಬ ವಿದ್ವಾಂಸರು ಪರೀಕ್ಷಿಸಿ 1907ರಲ್ಲಿ ರಹಸ್ಯವನ್ನು ಬಯಲುಮಾಡಿದರು. ಸರಿಯಾದ ಸಂಖ್ಯೆ ಬಂದೊಡನೆ ಪ್ರಶ್ನೆ ಕೇಳಿದವನ ತಲೆ ಅವನಿಗೇ ತಿಳಿಯದಂತೆ ಒಂದಿಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ಕಂಡು ನಿಲ್ಲಿಸುತ್ತಿತ್ತು. ಅದಕ್ಕೆ ಗಣಿತ ಬರುತ್ತಿರಲಿಲ್ಲ, ಮನುಷ್ಯನನ್ನು ಓದುವುದು ಬರುತ್ತಿತ್ತು. ನಾಯಿಯೂ ಈ ವಿದ್ಯೆಯಲ್ಲಿ ನಿಪುಣ. ನಾವು ನಾಲಗೆಯಿಂದ ಆಡುವ ಮಾತಿಗಿಂತ ಮೊದಲು ನಮ್ಮ ಕೈ, ಭುಜ, ಮುಖ ಆಡುವ ಮಾತು ಅದಕ್ಕೆ ತಿಳಿಯುತ್ತದೆ.

ಹಾಗೆಂದು ಮಾತು ಅದಕ್ಕೆ ಬರಿಯ ಸದ್ದಲ್ಲ. ಬುಡಾಪೆಸ್ಟಿನ ವಿದ್ವಾಂಸರು ನಾಯಿಗಳಿಗೆ ಮಿದುಳಿನ ಚಿತ್ರ ತೆಗೆಯುವ ಯಂತ್ರದೊಳಗೆ ಅಲುಗದೆ ಮಲಗುವುದನ್ನು ಕಲಿಸಿ, ಅವು ಮಾತನ್ನು ಕೇಳುವಾಗ ಮಿದುಳಿನಲ್ಲಿ ಏನಾಗುತ್ತದೆಂಬುದನ್ನು 2016ರಲ್ಲಿ ಪ್ರಕಟಿಸಿದರು. ಹೊಗಳಿಕೆಯ ಪದವೂ ಹೊಗಳಿಕೆಯ ಧ್ವನಿಯೂ ಒಟ್ಟಿಗೆ ಬಂದಾಗಲೇ ಸಂತೋಷಕ್ಕೆ ಸಂಬಂಧಿಸಿದ ಭಾಗ ಚೆನ್ನಾಗಿ ಎಚ್ಚೆತ್ತಿತು. ಅಮೆರಿಕದ ಚೇಸರ್ ಎಂಬ ನಾಯಿ ಸುಮಾರು ಮೂರು ವರ್ಷಗಳ ಶಿಕ್ಷಣದಲ್ಲಿ ಸಾವಿರಕ್ಕೂ ಹೆಚ್ಚು ಆಟದ ಸಾಮಾನುಗಳ ಹೆಸರನ್ನು ಕಲಿತದ್ದು 2011ರಲ್ಲಿ ಪ್ರಕಟವಾಯಿತು. ನಮಗೆ ಸಾವಿರ ಹೆಸರು ಬೇಕಾಗಿಲ್ಲ. ಐದಾರು ಮಾತು ಸಾಕು.

ಈಗ ಪಾಠದ ಏರ್ಪಾಡು. ಮೊದಲನೆಯದು ವೇಳೆ. ಒಂದು ಪಾಠ ಮೂರರಿಂದ ಐದು ನಿಮಿಷ. ದಿನಕ್ಕೆ ಎರಡು ಮೂರು ಪಾಠ. ಊಟಕ್ಕೆ ಸ್ವಲ್ಪ ಮುಂಚಿನ ಹೊತ್ತು ಒಳ್ಳೆಯದು. ಬಿಸಿಲಿನ ಹೊತ್ತು ಬೇಡ. ಎರಡನೆಯದು ಸ್ಥಳ. ಮೊದಮೊದಲು ಜನಸಂಚಾರವಿಲ್ಲದ ಕೋಣೆ. ಕಲಿತಮೇಲೆ ಜಗಲಿ, ಆಮೇಲೆ ಅಂಗಳ, ಕೊನೆಗೆ ರಸ್ತೆ. ಕೋಣೆಯಲ್ಲಿ ಕಲಿತದ್ದನ್ನು ರಸ್ತೆಯಲ್ಲಿ ಮರೆತರೆ ಅದು ಹಟವಲ್ಲ. ಹೊಸ ಸ್ಥಳದಲ್ಲಿ ಪಾಠವನ್ನು ಮೊದಲಿನಿಂದ ಒಮ್ಮೆ ತಿರುವಿಹಾಕಬೇಕು. ಮೂರನೆಯದು ತಿಂಡಿ. ಬೇಯಿಸಿದ ಮೊಟ್ಟೆ, ಕೋಳಿಮಾಂಸ, ಮಾಂಸ ತಿನ್ನಿಸದ ಮನೆಯಾದರೆ ಪನೀರು ಅಥವಾ ಚಪಾತಿಯ ಚೂರು, ಯಾವುದಾದರೂ ಸರಿಯೇ. ಆದರೆ ಕಡಲೆಕಾಳಿನಷ್ಟೇ ಇರಲಿ. ದಿನದ ಆಹಾರದಲ್ಲಿ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚಾಗಿ ಇಂಥ ತಿಂಡಿ ಹೋಗಬಾರದು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಇವು ನಾಯಿಗೆ ವಿಷ. ಪಾಯಸದ ದ್ರಾಕ್ಷಿಯನ್ನು ಪ್ರೀತಿಯಿಂದ ಹಾಕುವ ಅಜ್ಜಿಯರಿಗೆ ಇದನ್ನು ಮುಂಚೆಯೇ ತಿಳಿಸಿಡುವುದು ಮೇಲು.

ನಾಲ್ಕನೆಯದು ಮೆಚ್ಚುಗೆಯ ಮಾತು. ‘ಭೇಷ್’ ಎಂದಿಟ್ಟುಕೊಳ್ಳಿ. ಮೊದಲ ದಿನ ಏನನ್ನೂ ಕಲಿಸಬೇಡಿ. ‘ಭೇಷ್’ ಎನ್ನಿ, ಒಂದು ಚೂರು ಕೊಡಿ. ಮತ್ತೆ ‘ಭೇಷ್’, ಮತ್ತೊಂದು ಚೂರು. ಇಪ್ಪತ್ತು ಸಲವಾದಮೇಲೆ ಆ ಮಾತು ಕೇಳಿದೊಡನೆ ನಾಯಿ ತಿರುಗಿ ನೋಡುತ್ತದೆ. ಇನ್ನು ಮುಂದೆ, ನಾಯಿ ಬೇಕಾದ ಕೆಲಸವನ್ನು ಮಾಡಿದ ಆ ಕ್ಷಣದಲ್ಲಿಯೇ ಈ ಮಾತು ಬೀಳಬೇಕು. ನಾಯಿ ಕೂತಿತು, ನಾವು ಜೇಬಿನಲ್ಲಿ ತಡಕಾಡಿದೆವು, ಅಷ್ಟರಲ್ಲಿ ಅದು ಎದ್ದು ಹತ್ತಿರ ಬಂದಿತು, ಆಗ ತಿಂಡಿ ಕೊಟ್ಟೆವು. ನಾವು ಕೂರುವುದಕ್ಕೆ ಕೊಟ್ಟೆವೆಂದು ತಿಳಿದಿದ್ದೇವೆ. ಅದು ಏಳುವುದಕ್ಕೆ ಕೊಟ್ಟರೆಂದು ತಿಳಿಯಿತು. ಒಂದು ಕ್ಷಣದ ಅಂತರದಿಂದ ಪಾಠ ತಲೆಕೆಳಗಾಗುತ್ತದೆ.

ಕೂರುವ ಪಾಠವನ್ನೇ ಮೊದಲು ಹಿಡಿಯೋಣ. ಗಾದೆ ಹೇಳುವಂತೆ ಕೂರಲು ಪುರುಸೊತ್ತಿಲ್ಲದ ಪ್ರಾಣಿಗೆ ಇದೇ ತಕ್ಕ ಆರಂಭ. ತಿಂಡಿಯ ಚೂರನ್ನು ಬೆರಳುಗಳ ನಡುವೆ ಹಿಡಿದು ನಾಯಿಯ ಮೂಗಿನ ಹತ್ತಿರ ಒಯ್ಯಿರಿ. ಅಲ್ಲಿಂದ ಕೈಯನ್ನು ನಿಧಾನವಾಗಿ ಮೇಲಕ್ಕೂ ಹಿಂದಕ್ಕೂ, ಅದರ ತಲೆಯ ಮೇಲೆ ಹಾಯುವಂತೆ ಸರಿಸಿರಿ. ಮೂಗು ಮೇಲೆದ್ದಂತೆ ಹಿಂಭಾಗ ತಾನಾಗಿಯೇ ಕೆಳಗಿಳಿಯುತ್ತದೆ. ಅದು ನೆಲವನ್ನು ಮುಟ್ಟಿದೊಡನೆ ‘ಭೇಷ್’; ಕೂತಿರುವಾಗಲೇ ತಿಂಡಿ. ನಾಯಿ ನೆಗೆದರೆ ಕೈ ಬಹಳ ಎತ್ತರದಲ್ಲಿದೆಯೆಂದು ತಿಳಿಯಬೇಕು. ಹಿಂದಕ್ಕೆ ನಡೆದರೆ ಅದರ ಬೆನ್ನಿಗೆ ಗೋಡೆ ಇರುವಂತೆ ನಿಲ್ಲಿಸಿಕೊಳ್ಳಿ. ಬೆನ್ನನ್ನು ಒತ್ತಿ ಕೂರಿಸಬಾರದು. ಒತ್ತಿಸಿಕೊಂಡ ನಾಯಿ ಎದುರೊತ್ತುವುದನ್ನು ಕಲಿಯುತ್ತದೆ.

ಹೀಗೆ ಹತ್ತರಲ್ಲಿ ಎಂಟು ಸಲ ತಪ್ಪದೆ ಕೂರುವವರೆಗೂ ‘ಕೂತ್ಕೋ’ ಎಂಬ ಮಾತನ್ನು ಆಡುವುದೇ ಬೇಡ. ತಿಳಿಯದ ಮಾತನ್ನು ಹತ್ತು ಸಲ ಹೇಳಿದರೆ, ಹತ್ತನೆಯ ಸಲ ಕೂತರೆ ಸಾಕೆಂದು ನಾಯಿ ಅರ್ಥಮಾಡಿಕೊಳ್ಳುತ್ತದೆ. ಮುಂದೆ, ಬರಿಗೈಯಲ್ಲಿ ಅದೇ ಸನ್ನೆಯನ್ನು ಮಾಡಿ, ತಿಂಡಿಯನ್ನು ಇನ್ನೊಂದು ಕೈಯಿಂದ ಕೊಡಿ. ಅದಾದಮೇಲೆ ಒಮ್ಮೆ ‘ಕೂತ್ಕೋ’ ಎಂದು, ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಸನ್ನೆ ಮಾಡಿ. ಮಾತು ಮೊದಲು, ಸನ್ನೆ ಅನಂತರ. ಈ ಕ್ರಮ ಮುಖ್ಯ. ಎರಡನ್ನೂ ಒಟ್ಟಿಗೆ ಮಾಡಿದರೆ ನಾಯಿ ಸನ್ನೆಯನ್ನು ಮಾತ್ರ ನೋಡಿ ಮಾತನ್ನು ಕೈಬಿಡುತ್ತದೆ. ಕೆಲವು ದಿನಗಳಲ್ಲಿ, ಸನ್ನೆ ಬರುವ ಮುಂಚೆಯೇ ಅದು ಕೂತುಬಿಡುತ್ತದೆ. ಪಾಠ ಗಟ್ಟಿಯಾದಮೇಲೆ ತಿಂಡಿಯನ್ನು ಪ್ರತಿ ಸಲವೂ ಕೊಡದೆ, ಒಮ್ಮೆ ಕೊಟ್ಟು ಒಮ್ಮೆ ಬಿಟ್ಟು, ನಡುನಡುವೆ ಮೈದಡವಿ ನಡೆಸಬಹುದು.

ಇಲ್ಲಿ ಮನೆಮಂದಿಗೊಂದು ಮಾತು. ಅಜ್ಜಿ ‘ಕುತ್ಕೊಳ್ಳೋ ಮುಂಡೇದೆ’ ಎನ್ನುತ್ತಾರೆ. ಮಗ ‘ಸಿಟ್’ ಎನ್ನುತ್ತಾನೆ. ಯಜಮಾನರು ‘ಕೂಡು’ ಎನ್ನುತ್ತಾರೆ. ಯಜಮಾನಿ ಏನೂ ಹೇಳದೆ ಕಣ್ಣು ಬಿಡುತ್ತಾರೆ. ಒಂದೇ ಕೆಲಸಕ್ಕೆ ನಾಲ್ಕು ಭಾಷೆಗಳನ್ನು ಕಲಿಯಬೇಕಾದ ನಾಯಿಯನ್ನು ದಡ್ಡನೆಂದು ನಾಲ್ವರೂ ಸೇರಿ ತೀರ್ಮಾನಿಸುತ್ತಾರೆ! ಒಂದು ಕೆಲಸಕ್ಕೆ ಒಂದೇ ಮಾತೆಂದು ಮೊದಲೇ ಗೊತ್ತುಮಾಡಿ, ಕಾಗದದಲ್ಲಿ ಬರೆದು ಅಡಿಗೆಮನೆಯ ಬಾಗಿಲಿಗೆ ಅಂಟಿಸುವುದು ಒಳ್ಳೆಯದು. ಬಂದವರ ಮೈಮೇಲೆ ಹಾರುವ ನಾಯಿಗೂ ಇದೇ ಪಾಠ ಮದ್ದು. ಹಾರಬೇಡವೆಂದು ಬೈಯುವ ಬದಲು, ಬಾಗಿಲು ಬಡಿದಾಗ ಕೂರುವುದನ್ನು ಕಲಿಸಿದರೆ, ಕೂತ ನಾಯಿ ಹಾರಲಾರದು.

ಕೈ ಕೊಡುವುದು ಮಕ್ಕಳಿಗೆ ಪ್ರಿಯವಾದ ಆಟ. ತಿಂಡಿಯನ್ನು ಮುಷ್ಟಿಯಲ್ಲಿ ಮುಚ್ಚಿ, ಕೂತ ನಾಯಿಯ ಎದೆಯ ಮಟ್ಟಕ್ಕೆ ಹಿಡಿಯಿರಿ. ಅದು ಮೂಸುತ್ತದೆ, ನೆಕ್ಕುತ್ತದೆ, ಸುಮ್ಮನಿರಿ. ಕೊನೆಗೆ ಕಾಲಿನಿಂದ ಕೆರೆಯುತ್ತದೆ. ಕಾಲು ಮುಷ್ಟಿಯನ್ನು ತಾಕಿದೊಡನೆ ‘ಭೇಷ್’ ಎಂದು ಮುಷ್ಟಿ ತೆರೆಯಿರಿ. ಮುಂದೆ ಮುಷ್ಟಿಯ ಬದಲು ಬರಿಯ ಅಂಗೈಯನ್ನು ಚಾಚಬಹುದು. ಹಿಂಗಾಲುಗಳ ಮೇಲೆ ನಿಲ್ಲಿಸುವುದು, ಎತ್ತರದಿಂದ ನೆಗೆಸುವುದು ಮುಂತಾದ ಆಟಗಳನ್ನು ಎಳೆಯ ಮರಿಗಳಿಗೂ, ಬೆನ್ನು ಉದ್ದವಾದ ಡ್ಯಾಕ್ಸ್‌ಹುಂಡ್ ಜಾತಿಗೂ ಕಲಿಸಬಾರದು. ಕೀಲುಗಳಿಗೂ ಬೆನ್ನಿಗೂ ಕೇಡು.

‘ಇರು’ ಎಂಬ ಪಾಠದಲ್ಲಿ ಕಷ್ಟಗಳು ಮೂರು: ಹೊತ್ತು, ದೂರ, ಗದ್ದಲ. ಮೂರನ್ನೂ ಒಟ್ಟಿಗೆ ಹೆಚ್ಚಿಸಬಾರದು. ಮೊದಲು ಎದುರಿಗೇ ನಿಂತು ಎರಡು ಸೆಕೆಂಡು, ಐದು, ಹತ್ತು. ಅದು ಬಂದಮೇಲೆ ಒಂದು ಹೆಜ್ಜೆ ದೂರ. ದೂರ ಹೆಚ್ಚಿದಾಗ ಹೊತ್ತು ಕಡಮೆ. ಬಹುಮಾನವನ್ನು ನಾವೇ ಅದರ ಬಳಿಗೆ ಹಿಂದಿರುಗಿ ಕೊಡಬೇಕು. ಕರೆದು ಕೊಟ್ಟರೆ ಇರುವುದಕ್ಕಿಂತ ಬರುವುದೇ ಲಾಭವೆಂದು ಅದು ಎಣಿಸುತ್ತದೆ.

ಬಾಗಿಲಿನಿಂದ ವೃತ್ತಪತ್ರಿಕೆಯನ್ನು ತರುವಂಥ ದೊಡ್ಡ ವಿದ್ಯೆಯನ್ನು ತುಂಡುಮಾಡಿ, ಕೊನೆಯ ತುಂಡಿನಿಂದ ಆರಂಭಿಸಬೇಕು. ಸುರುಳಿ ಸುತ್ತಿ ದಾರ ಕಟ್ಟಿದ ಹಳೆಯ ಪತ್ರಿಕೆಯನ್ನು ನಾಯಿಯ ಮುಂದೆ ಹಿಡಿಯಿರಿ. ಬಾಯಲ್ಲಿ ಹಿಡಿದರೆ ‘ಕೊಡು’ ಎಂದು, ತಿಂಡಿಯೊಡನೆ ವಿನಿಮಯ ಮಾಡಿಕೊಳ್ಳಿ. ಆಮೇಲೆ ಒಂದು ಹೆಜ್ಜೆ ಹಿಂದೆ ಸರಿದು, ತಂದುಕೊಟ್ಟರೆ ಬಹುಮಾನ. ಆಮೇಲೆ ನೆಲದಿಂದ ಎತ್ತುವುದು, ಆಮೇಲೆ ಕೋಣೆಯ ಆ ತುದಿಯಿಂದ, ಕೊನೆಗೆ ಬಾಗಿಲಿನಿಂದ. ಹೀಗೆ ನಡೆಸಿದರೆ ನಾಯಿ ಪ್ರತಿ ಸಲವೂ ಹೊಸದರಿಂದ ಹೊರಟು, ತನಗೆ ಚೆನ್ನಾಗಿ ಬರುವುದರ ಕಡೆಗೇ ಸಾಗುತ್ತದೆ. ಒಂದೆರಡು ವಾರ ಪತ್ರಿಕೆ ಸ್ವಲ್ಪ ಒದ್ದೆಯಾಗಿ ಬಂದರೆ ಸಹಿಸಿಕೊಳ್ಳಬೇಕು.

ಎಲ್ಲಕ್ಕಿಂತ ದೊಡ್ಡ ಪಾಠ ‘ಬಾ’. ಇದನ್ನು ಆಟವೆನ್ನುವುದಕ್ಕೆ ನನ್ನ ನಾಲಗೆ ಏಳುವುದಿಲ್ಲ. ಇಬ್ಬರು ಕೋಣೆಯ ಎರಡು ತುದಿಗಳಲ್ಲಿ ಕುಳಿತು ಒಬ್ಬರಾದಮೇಲೆ ಒಬ್ಬರು ಕರೆಯಿರಿ. ಬಂದಾಗಲೆಲ್ಲ ಸಂಭ್ರಮದಿಂದ ಬಹುಮಾನ ಕೊಡಿ. ಬಯಲಿನಲ್ಲಿ ಕಲಿಸುವಾಗ ಉದ್ದವಾದ ಹಗ್ಗ ಕಟ್ಟಿರಲಿ. ಮತ್ತು ಈ ನಿಯಮಗಳನ್ನು ಮೀರಬೇಡಿ. ಶಿಕ್ಷಿಸುವುದಕ್ಕಾಗಿ ಎಂದೂ ಕರೆಯಬಾರದು. ಸ್ನಾನಕ್ಕೆ, ಔಷಧಿಗೆ, ಉಗುರು ಕತ್ತರಿಸುವುದಕ್ಕೆ ಬೇಕಾದರೆ ಕರೆಯದೆ ನಾವೇ ಹೋಗಿ ಕರೆದೊಯ್ಯಬೇಕು. ಎಷ್ಟು ತಡವಾಗಿ ಬಂದರೂ, ಏನನ್ನು ಹಾಳುಮಾಡಿ ಬಂದರೂ, ಬಂದದ್ದಕ್ಕೆ ಮೆಚ್ಚುಗೆಯೇ ಸಲ್ಲಬೇಕು. ಹತ್ತು ನಿಮಿಷ ಕಾಯಿಸಿ ಬಂದ ನಾಯಿಗೆ ಬೈದರೆ, ಮರುದಿನ ಇಪ್ಪತ್ತು ನಿಮಿಷ ಕಾಯಬೇಕಾಗುತ್ತದೆ. ಈ ಒಂದು ಮಾತಿಗೆ ಮಾತ್ರ ತಿಂಡಿಯನ್ನು ಎಂದೂ ಉಳಿಸಬೇಡಿ.

ಉತ್ತಮ ಜಾತಿಯ ನಾಯಿಗೆ ಮಾತ್ರ ವಿದ್ಯೆ ಹತ್ತುತ್ತದೆಂಬುದು ತಪ್ಪು ತಿಳಿವಳಿಕೆ. ಜಾತಿಜಾತಿಗೆ ಒಲವು ಬೇರೆಯೆಂಬುದು ನಿಜ. ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆಯನ್ನು ಹುಡುಕಿ ಓಡುವ ಜಾತಿ; ದೂರದಲ್ಲಿ ಏನಾದರೂ ಓಡಿದರೆ ಅದರ ಗಮನ ಅತ್ತ ಹೋಗುವುದು ಸಹಜ. ಅದಕ್ಕೆ ತಾಳ್ಮೆಯೂ ಸುತ್ತುಗೋಡೆಯೂ ಹೆಚ್ಚು ಬೇಕು. ಆದರೂ 2016ರಲ್ಲಿ ಭಾರತದ ಸೇನೆಯವರು ಮುಧೋಳದ ಮರಿಗಳನ್ನು ಶಿಕ್ಷಣಕ್ಕಾಗಿ ಮೀರತ್ತಿಗೆ ಒಯ್ದರು. ಇನ್ನು ನಮ್ಮ ಬೀದಿಯ ನಾಡನಾಯಿ. ಅದು ವಾಹನಗಳ ನಡುವೆ ರಸ್ತೆ ದಾಟುವುದನ್ನೂ, ಯಾವ ಅಂಗಡಿಯವರು ಎಷ್ಟು ಹೊತ್ತಿಗೆ ಬ್ರೆಡ್ಡು ಹಾಕುತ್ತಾರೆಂಬುದನ್ನೂ ಗುರುವಿಲ್ಲದೆ ಕಲಿತ ಪ್ರಾಣಿ. ಗುರು ದೊರೆತರೆ ಅದು ಯಾವ ಜಾತಿಗೂ ಹಿಂದೆ ಬೀಳುವುದಿಲ್ಲ.

ಹೊಡೆದು ಕಲಿಸಬಾರದೆ ಎಂದು ಕೇಳಬಹುದು. ಹೊಡೆತದಿಂದ ನಾಯಿ ಏನನ್ನೂ ಕಲಿಯುವುದಿಲ್ಲವೆಂದು ನಾನು ಹೇಳಲಾರೆ, ಕಲಿಯುತ್ತದೆ. ಆದರೆ ಏನನ್ನು ಕಲಿಯುತ್ತದೆಂಬುದು ನಮ್ಮ ಹತೋಟಿಯಲ್ಲಿ ಇರುವುದಿಲ್ಲ. ಕಳ್ಳತನದಿಂದ ಮಾಡುವುದನ್ನು ಕಲಿಯಬಹುದು. ಕೈ ಎತ್ತಿದವರನ್ನು ಕಚ್ಚುವುದನ್ನು ಕಲಿಯಬಹುದು. ಎರಡು ಮಾರು ದೂರದಲ್ಲಿ ನಿಲ್ಲುವುದನ್ನು ಕಲಿಯಬಹುದು. ಚಪ್ಪಲಿಯನ್ನು ಉಳಿಸಿಕೊಳ್ಳಬೇಕಾದರೆ ಅದನ್ನು ಎತ್ತರದಲ್ಲಿಟ್ಟು, ಮರಿಗೆ ಕಚ್ಚುವುದಕ್ಕೆ ಬೇರೆ ಏನನ್ನಾದರೂ ಕೊಟ್ಟರಾಯಿತು. ಇಷ್ಟು ಸುಲಭದ ಉಪಾಯ ಹತ್ತು ವರ್ಷದ ಹುಡುಗನಿಗೆ ಹೊಳೆಯಲಿಲ್ಲ, ಹೇಳಿಕೊಡುವವರೂ ಇರಲಿಲ್ಲ.

ಎಳೆಯ ಮರಿಗೆ ಎಂಟು ವಾರವಾದಾಗಲೇ ಪಾಠವನ್ನು ತೊಡಗಬಹುದು. ಹಾಗಾದರೆ ಮುದಿ ನಾಯಿಯ ಗತಿಯೇನು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದು ನಾವು ಕೇಳುತ್ತೇವೆ. ಈ ಪ್ರಶ್ನೆಗೆ ನಮ್ಮ ಮನೆಯ ಕೆಂಪಿ ಉತ್ತರ ಕೊಟ್ಟಿದೆ. ಮಳೆಗಾಲದಲ್ಲಿ ಚರಂಡಿಯ ಪಕ್ಕ ನಡುಗುತ್ತಿದ್ದ ಬೀದಿಯ ಮರಿ ಅದು. ಈಗ ಅದಕ್ಕೆ ಹನ್ನೊಂದು ವರ್ಷ. ಮೇಲೆ ಹೇಳಿದ ವಿದ್ಯೆಗಳನ್ನೆಲ್ಲ ಬಾಲ್ಯದಲ್ಲಿಯೇ ಕಲಿತಿತ್ತು. ಹತ್ತನೆಯ ವರ್ಷದಲ್ಲಿ ಅದರ ಕಿವಿ ಮಂದವಾಗುತ್ತ ಬಂದು, ಕೊನೆಗೆ ಏನೂ ಕೇಳಿಸದಂತಾಯಿತು. ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಾಗ ‘ಬಾ’ ಎಂದು ಎಷ್ಟು ಕೂಗಿದರೂ ತಿರುಗಲಿಲ್ಲ. ಆ ಸಂಜೆ ಗೇಟಿನ ಅಗುಳಿಯನ್ನು ನಾನು ಎರಡು ಸಲ ಹೋಗಿ ನೋಡಿದೆನೆಂದು ಮನೆಯವರು ಹೇಳುತ್ತಾರೆ.

ಮರುದಿನದಿಂದ ಹೊಸ ಪಾಠ ನಡೆಯಿತು. ಕತ್ತಲಾಗುವ ಹೊತ್ತಿಗೆ ಬ್ಯಾಟರಿ ದೀಪದ ಬೆಳಕನ್ನು ಅದರ ಮುಂದಿನ ನೆಲದ ಮೇಲೆ ಎರಡು ಸಲ ಮಿನುಗಿಸುವುದು, ಒಡನೆಯೇ ತಿಂಡಿ ಕೊಡುವುದು. ಬೆಳಕನ್ನು ಕಣ್ಣಿಗೆ ಬಿಡಲಿಲ್ಲ. ಮೊದಲು ಪಕ್ಕದಲ್ಲಿಯೇ ಕುಳಿತು, ಆಮೇಲೆ ನಾಲ್ಕು ಹೆಜ್ಜೆಯಿಂದ, ಆಮೇಲೆ ಅಂಗಳದ ಆ ತುದಿಯಿಂದ. ‘ಭೇಷ್’ ಎಂಬ ಮಾತಿನ ಬದಲು ಹೆಬ್ಬೆರಳನ್ನು ಎತ್ತಿ ತೋರಿಸುವುದು. ಮೂರು ವಾರ ಹಿಡಿಯಿತು. ಮರಿಯಾಗಿದ್ದರೆ ಒಂದು ವಾರ ಸಾಕಾಗುತ್ತಿತ್ತೇನೋ. ಹಗಲಿನಲ್ಲಿ ಕೈಬೀಸಿ ಕರೆಯುವುದೂ ಅದಕ್ಕೆ ಈಗ ತಿಳಿಯುತ್ತದೆ.

ಈಗ ದಿನವೂ ರಾತ್ರಿ ಬಾಗಿಲು ಹಾಕುವ ಮುನ್ನ ಅಂಗಳದ ಕಡೆಗೆ ಎರಡು ಸಲ ಬೆಳಕನ್ನು ಮಿನುಗಿಸುತ್ತೇನೆ. ಹಿಂಗಾಲು ಸ್ವಲ್ಪ ಎಳೆಯುತ್ತ ಕೆಂಪಿ ಬರುತ್ತದೆ. ಎರಡು ಮಾರು ದೂರದಲ್ಲಿ ಅದು ನಿಲ್ಲುವುದಿಲ್ಲ. ನನ್ನ ಮೊಣಕಾಲಿಗೆ ಮೂಗು ತಾಗುವವರೆಗೂ ಬರುತ್ತದೆ. ತಮ್ಮ ಮನೆಗಳಲ್ಲಿ ನಾಯಿ ಇದ್ದರೆ, ಅದಕ್ಕೆ ಬೇರೆ ಯಾವ ವಿದ್ಯೆಯನ್ನು ಕಲಿಸದಿದ್ದರೂ ಚಿಂತೆಯಿಲ್ಲ. ಕರೆದಾಗ ಹೆದರದೆ ಬರುವುದನ್ನು ಮಾತ್ರ ಕಲಿಸಿ. ಈ ರಾತ್ರಿಯೇ, ಊಟವಾದಮೇಲೆ, ಮೊದಲ ಪಾಠವನ್ನು ತೊಡಗಬಹುದು.